ಆಯಿಯ ಸಾಕ್ಷಿ

ಹಡಪಸರದ ಹಳೆಯ ಊರಿನ ಓಣಿಯಲ್ಲಿ ಬಸವಣ್ಣೆವ್ವನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಮರಾಠಿ ಹೆಂಗಸರಿಗೆಲ್ಲ ಆಕೆ ‘ಗಿರಣಿ ಮಾವಶಿ’, ಗಿರಣಿಯ ಚಿಕ್ಕಮ್ಮ. ಬೈಲಹೊಂಗಲದ ಹತ್ತಿರದ ಹಳ್ಳಿಯಿಂದ ಹದಿನೆಂಟನೆಯ ವಯಸ್ಸಿಗೆ ಮದುವೆಯಾಗಿ ಪುಣೆಗೆ ಬಂದಾಗ ಮರಾಠಿಯ ಒಂದಕ್ಷರ ಬರುತ್ತಿರಲಿಲ್ಲ. ಗಂಡ ನಿಜಲಿಂಗಪ್ಪ ಲಾರಿ ಕಂಪನಿಯೊಂದರಲ್ಲಿ ಗುಮಾಸ್ತ. ಆ ಕಂಪನಿ ಬಾಗಿಲು ಹಾಕಿದ ವರ್ಷ ಬಸವಣ್ಣೆವ್ವ ಮನೆಯ ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಳು. ಡಬ್ಬಿ ಇಟ್ಟು ನಿಂತ ಹೆಂಗಸರ ಜೊತೆ ಮಾತಾಡುತ್ತಲೇ ಮರಾಠಿ ಕಲಿತಳು. ಎರಡು ಬೆರಳ ನಡುವೆ ಹಿಟ್ಟು ತಿಕ್ಕಿ ನೋಡಿದರೆ ಸಾಕು, ಜೋಳ ಹೊಸದೋ ಹಳೆಯದೋ, ಕಲ್ಲು ಸವೆದಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದಳು. ತೂಕದಲ್ಲಿ ಒಂದು ಹಿಡಿ ಹೆಚ್ಚುಕಡಿಮೆ ಮಾಡಿದವಳಲ್ಲ. ಮಾವಶಿ ಸುಳ್ಳಾಡುವವಳಲ್ಲ ಎಂಬ ಹೆಸರು ಆ ಓಣಿಯಲ್ಲಿ ಆಕೆಗಿತ್ತು.

ಆಕೆ ಆಡಿದ ಒಂದೇ ಒಂದು ಸುಳ್ಳು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಒಬ್ಬನೇ, ಅಳಿಯ ಚನ್ನವೀರ. ಅವನು ಬಾಯಿ ಬಿಟ್ಟಿರಲಿಲ್ಲ.

ಇರುವ ಒಬ್ಬಳೇ ಮಗಳು ನೀತಾಳನ್ನು ಧಾರವಾಡ ಕಡೆಯ ಹುಡುಗ ಚನ್ನವೀರನಿಗೆ ಕೊಟ್ಟಿದ್ದರು. ಅವನಿಗೆ ಚಾಕಣದಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ. ಶರ್ವರಿ ಹುಟ್ಟಿದ ಮರುವರ್ಷ ಕೊರೊನಾ ಬಂತು. ಅದೇ ಮಾರ್ಚಿನಲ್ಲಿ ಅಣ್ಣನ ಮಣ್ಣಿಗೆಂದು ಊರಿಗೆ ಹೋದ ನಿಜಲಿಂಗಪ್ಪ ಗಡಿ ಮುಚ್ಚಿದ್ದರಿಂದ ಅಲ್ಲೇ ಸಿಕ್ಕಿಬಿದ್ದ. ಆಗಸ್ಟಿನಲ್ಲಿ ಚಾಕಣದ ತಮ್ಮ ಓಣಿಗೆ ತಗಡಿನ ಪತ್ರೆ ಬಡಿದು ದಾರಿ ಮುಚ್ಚುತ್ತಾರೆಂದು ಸುದ್ದಿ ಬಂದಾಗ, ಚನ್ನವೀರ ಹೆಂಡತಿ ಮಗುವನ್ನು ಬೈಕಿನ ಮೇಲೆ ಕರೆತಂದು ಅತ್ತೆಯ ಮನೆಯಲ್ಲಿ ಬಿಟ್ಟುಹೋದ. ಬಂದ ದಿನ ನೀತಾ ಗಟ್ಟಿಮುಟ್ಟಾಗಿಯೇ ಇದ್ದಳು. ತವರಿನ ಕಟ್ಟೆಯ ಮೇಲೆ ಕೂತು, ಹದಿನಾಲ್ಕು ತಿಂಗಳ ಮಗಳಿಗೆ ಅನ್ನ ಹಾಲು ಉಣಿಸಿದ್ದಳು.

ಮರುದಿನ ಜ್ವರ ಬಂತು. ಬಸವಣ್ಣೆವ್ವನಿಗೆ ಜ್ವರಕ್ಕಿಂತ ಹೆಚ್ಚು ದವಾಖಾನೆಯ ಹೆದರಿಕೆ. ಜ್ವರವೆಂದು ಒಳಗೆ ಹೋದವರನ್ನು ಅಲ್ಲೇ ಇಟ್ಟುಕೊಳ್ಳುತ್ತಾರೆ, ಮೊಲೆ ಕುಡಿಯುವ ಮಗುವನ್ನು ಅಗಲಿಸುತ್ತಾರೆ, ಹೆಣವನ್ನೂ ಕೊಡುವುದಿಲ್ಲ ಎಂದು ಓಣಿಯೆಲ್ಲ ಮಾತಾಡಿಕೊಳ್ಳುತ್ತಿತ್ತು. ಆಕೆ ತುಳಸಿ, ಮೆಣಸು ಕುದಿಸಿ ಕಷಾಯ ಕೊಟ್ಟಳು. ಅಂಗಡಿಯ ಗುಳಿಗೆ ಕೊಟ್ಟಳು. ಹಣೆಗೆ ತಣ್ಣೀರ ಪಟ್ಟಿ ಹಾಕಿದಳು. ಚನ್ನವೀರ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದ.

“ಅತ್ತಿ, ಇವತ್ತರೆ ದವಾಖಾನಿಗೆ ಕರಕೊಂಡು ಹೋಗ್ರಿ. ನಿಮ್ಮ ಕಾಲಿಗೆ ಬೀಳ್ತೇನಿ.”

“ಜ್ವರ ಇಳದಾವ್ರಿ. ನೀವು ಕಾಳಜಿ ಮಾಡಬ್ಯಾಡ್ರಿ.”

ಜ್ವರ ಇಳಿದಿರಲಿಲ್ಲ. ನಾಲ್ಕನೆಯ ದಿನ ಮುಂಜಾನೆ ನೀತಾಳ ಮೂಗಿನಿಂದ ರಕ್ತ ಬಂದಾಗ ಬಸವಣ್ಣೆವ್ವ ರಿಕ್ಷಾ ತರಿಸಿದಳು. ಎರಡು ಕಡೆ ಜಾಗವಿಲ್ಲವೆಂದರು. ಮೂರನೆಯ ಕಡೆ ಸೇರಿಸಿಕೊಂಡು, ಇದು ಕೊರೊನಾ ಅಲ್ಲ, ಡೆಂಗ್ಯೂ, ಎರಡು ದಿನ ಮೊದಲು ತಂದಿದ್ದರೆ ಬೇರೆ ಮಾತಿತ್ತು ಎಂದರು. ಮರುದಿನ ಬೆಳಿಗ್ಗೆ ನೀತಾ ಹೋದಳು.

ನಿಜಲಿಂಗಪ್ಪ ಪಾಸು ಪಡೆದು ಪುಣೆಗೆ ಬಂದು ಮುಟ್ಟುವ ಹೊತ್ತಿಗೆ ಎಂಟು ದಿನ ಕಳೆದಿದ್ದವು. ಮಗಳ ಮುಖವೂ ಸಿಕ್ಕಿರಲಿಲ್ಲ, ಮಣ್ಣೂ ಸಿಕ್ಕಿರಲಿಲ್ಲ. ಕಾಲು ಕೂಡ ತೊಳೆಯದೆ ಬಾಗಿಲಲ್ಲೇ ನಿಂತು ಕೇಳಿದ.

“ಯಾವಾಗಿಂದ ಇದ್ದೂವು ಜ್ವರ?”

ಬಸವಣ್ಣೆವ್ವ ಗಂಡನ ಕಣ್ಣು ನೋಡಿದಳು. ಆ ಕಣ್ಣಿನ ಮುಂದೆ ‘ನಾಲ್ಕು ದಿನ, ನನ್ನ ಮುಂದೆ’ ಎನ್ನುವ ಧೈರ್ಯ ಆಕೆಗೆ ಬರಲಿಲ್ಲ.

“ಚಾಕಣದಾಗನ ನಾಕು ದಿನಾ ಇದ್ದೂವಂತರಿ. ಇಲ್ಲಿಗೆ ಬರೂದ್ರಾಗ ಹೆಚ್ಚಾಗಿದ್ದೂವು.”

ಆಡಿದ್ದು ಅಷ್ಟೇ. ಎರಡು ದಿನ ಬಿಟ್ಟು ಸರಿಪಡಿಸಿದರಾಯಿತು ಎಂದುಕೊಂಡಳು. ಆದರೆ ನೀತಾ ಹೋದ ಹನ್ನೊಂದನೆಯ ದಿನ ಚನ್ನವೀರ ಬಂದಾಗ ನಿಜಲಿಂಗಪ್ಪ ಓಣಿಯ ಮಂದಿ ಕೇಳುವಂತೆ ಅವನ ಮೇಲೆ ಹರಿಹಾಯ್ದ. “ನಾಕು ದಿನಾ ಜ್ವರದಾಗ ಹಾಕ್ಕೊಂಡು ಕುಂತಿ! ನನ್ನ ಮಗಳನ್ನ ನೀ ಕೊಂದಿ!” ಚನ್ನವೀರ ಬೆಚ್ಚಿ ಮೊದಲು ಮಾವನನ್ನು ನೋಡಿದ, ಆಮೇಲೆ ಅತ್ತೆಯನ್ನು ನೋಡಿದ. ಬಸವಣ್ಣೆವ್ವ ಮಗುವನ್ನು ಎದೆಗೆ ಒತ್ತಿ ಹಿಡಿದು ತಲೆ ತಗ್ಗಿಸಿದಳು. ಅವನು ಒಂದು ಮಾತೂ ಆಡದೆ ಚಪ್ಪಲಿ ಮೆಟ್ಟಿಕೊಂಡು ಹೋದ. ಆ ದಿನ ಸರಿಪಡಿಸದ್ದು ಮತ್ತೆಂದೂ ಸರಿಪಡಿಸಲಾಗಲಿಲ್ಲ.

ಚಾಕಣದಲ್ಲಿ ಒಂದು ಕೋಣೆ, ಮೂರು ಪಾಳಿಯ ಕೆಲಸ; ಕೂಸನ್ನು ಕರೆದುಕೊಂಡು ಹೋಗಿ ಅವನಾದರೂ ಏನು ಮಾಡಿಯಾನು? ಶರ್ವರಿ ಹಡಪಸರದಲ್ಲೇ ಬೆಳೆದಳು. ಗಿರಣಿಯ ಸದ್ದಿಗೇ ನಿದ್ದೆ ಹೋಗುವ ರೂಢಿ ಕೂಸಿಗಾಯಿತು. ಬೆಳಗಾವಿ ಕಡೆಯವರು ಅಜ್ಜಿಯನ್ನು ಕರೆಯುವಂತೆ ಬಸವಣ್ಣೆವ್ವನನ್ನು ‘ಆಯಿ’ ಎಂದು ಕರೆಯಿತು. ಚನ್ನವೀರ ಪ್ರತಿ ಭಾನುವಾರ ಬರುತ್ತಿದ್ದ. ನಿಜಲಿಂಗಪ್ಪ ಅವನನ್ನು ಹೊಸ್ತಿಲ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಗಿರಣಿಯ ಮುಂದಿನ ಕಟ್ಟೆಯ ಮೇಲೆ, ಹಿಟ್ಟಿನ ಡಬ್ಬಿಗಳ ಪಕ್ಕದಲ್ಲಿ ಕೂತು, ಮಗಳನ್ನು ತೊಡೆಯ ಮೇಲೆ ಆಡಿಸಿ, ಅತ್ತೆ ಕೊಟ್ಟ ಚಹಾ ಕುಡಿದು ಹೋಗುತ್ತಿದ್ದ. ಚಹಾದ ಬಸಿ ಕೊಡುವಾಗ ಬಸವಣ್ಣೆವ್ವ ಅವನ ಮುಖ ನೋಡುತ್ತಿರಲಿಲ್ಲ. ಇವತ್ತು ಕೇಳುತ್ತಾನೆ, ಇವತ್ತು ಅಂದುಬಿಡುತ್ತಾನೆ ಎಂದು ಕಾಯುತ್ತಿದ್ದಳು. ಅವನು ಎದ್ದು ಹೋದ ಮೇಲೆ, ಯಾಕಾದರೂ ಅನ್ನಲಿಲ್ಲವೋ ಎಂದು ಸಂಕಟವಾಗುತ್ತಿತ್ತು.

ಎರಡು ವರ್ಷದ ಮೇಲೆ ಚನ್ನವೀರ ಮತ್ತೆ ಮದುವೆಯಾದ. ಹುಡುಗಿ ಹುಬ್ಬಳ್ಳಿ ಕಡೆಯವಳು, ಹೆಸರು ನೀಲಿಮಾ. ಚಿಕ್ಕ ಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದಳು. ತಳೇಗಾಂವ ದಾಭಾಡೆಯಲ್ಲಿ ಎರಡು ಕೋಣೆಯ ಮನೆ ಮಾಡಿದರು. ಮನೆ ಹೂಡಿದ ತಿಂಗಳೊಪ್ಪತ್ತಿನಲ್ಲಿ ಚನ್ನವೀರ ಬಂದು, ಕಟ್ಟೆಯ ಮೇಲೆ ಕೂರದೆ ನಿಂತೇ ಹೇಳಿದ.

“ಮಾವಾರ, ಇನ್ನ ಶರ್ವರಿನ್ನ ನಾ ಕರಕೊಂಡು ಹೋಗ್ತೇನ್ರಿ.”

“ತಾಯೀನ ಕೊಂದಿ, ಈಗ ಮಗಳನ್ನೂ ಕೇಳಾಕ ಬಂದಿ?” ಎಂದು ನಿಜಲಿಂಗಪ್ಪ ಬಾಗಿಲು ಹಾಕಿದ.

ಆರು ತಿಂಗಳಲ್ಲಿ ಶಿವಾಜಿನಗರದ ಕುಟುಂಬ ನ್ಯಾಯಾಲಯದಿಂದ ನೋಟೀಸು ಬಂತು. ತಂದೆ ಮಗಳನ್ನು ಕೇಳಿ ಅರ್ಜಿ ಹಾಕಿದ್ದ.

ನಿಜಲಿಂಗಪ್ಪ ಹಿಡಿದ ವಕೀಲ ಋಷಿಕೇಶ ಚಿಕ್ಕ ವಯಸ್ಸಿನವನು, ನಯವಾದ ಮಾತಿನವನು. ಕಾನೂನು ಏನು ಹೇಳುತ್ತದೆಂದು ಬಿಡಿಸಿ ಹೇಳಿದ: ತಾಯಿ ಇಲ್ಲದ ಮಗುವಿಗೆ ತಂದೆಯೇ ಸಹಜ ಪಾಲಕ. ಅಜ್ಜ ಅಜ್ಜಿ ಎಷ್ಟೇ ಪ್ರೀತಿಯಿಂದ ಸಾಕಿದ್ದರೂ ಆ ಹಕ್ಕಿನ ಮುಂದೆ ಅವರದು ಎರಡನೆಯ ಮಾತು. ಆದರೆ ನ್ಯಾಯಾಲಯ ನೋಡುವುದು ಕೊನೆಗೆ ಮಗುವಿನ ಹಿತವನ್ನು. ತಂದೆಯ ಕೈಯಲ್ಲಿ ಮಗುವಿಗೆ ಹಿತವಿಲ್ಲವೆಂದು ನಾವು ತೋರಿಸಬೇಕು.

“ತೋರಸೂಣು. ನನ್ನ ಮಗಳನ್ನ ಔಷಧ ಇಲ್ಲದ ನಾಕು ದಿನಾ ಮಲಗಿಸ್ಯಾನ. ಇಕಿ ಕಣ್ಣಾರೆ ನೋಡ್ಯಾಳ,” ಎಂದು ನಿಜಲಿಂಗಪ್ಪ ಹೆಂಡತಿಯ ಕಡೆ ಕೈ ಮಾಡಿದ.

ಋಷಿಕೇಶ ಬಸವಣ್ಣೆವ್ವನ ಕಡೆ ತಿರುಗಿ, “ಹಾಗಾದರೆ ಮುಖ್ಯ ಸಾಕ್ಷಿ ನೀವೇ ಮಾವಶಿ,” ಎಂದ.

ಗಿರಣಿಯ ಧೂಳು ಮಗುವಿನ ಎದೆಗೆ ಕೆಟ್ಟದ್ದೆಂದು ಎದುರಿನವರು ಹೇಳಬಹುದು, ಸದ್ಯಕ್ಕೆ ನಿಲ್ಲಿಸಿಬಿಡಿ ಎಂದೂ ಅವನೇ ಹೇಳಿದ. ಮರುದಿನ ನಿಜಲಿಂಗಪ್ಪ ಎರಡೂ ಯಂತ್ರಗಳ ಪಟ್ಟಾ ಕಳಚಿ ಗೋಣಿಚೀಲ ಹೊದಿಸಿದ. ಡಬ್ಬಿ ಹಿಡಿದು ಬಂದ ಹೆಂಗಸರು ಹಿಂದಕ್ಕೆ ಹೋದರು. ಇಪ್ಪತ್ತಾರು ವರ್ಷ ಬೆಳಗಿನಿಂದ ಸಂಜೆಯವರೆಗೆ ಗರಗರ ಎನ್ನುತ್ತಿದ್ದ ಮನೆ ಸುಮ್ಮನಾಯಿತು. ಆ ಸದ್ದಿನಲ್ಲಿ ಬಸವಣ್ಣೆವ್ವನಿಗೆ ಯೋಚನೆ ಮಾಡುವ ಕಾಟ ಇರುತ್ತಿರಲಿಲ್ಲ. ಈಗ ಮನೆಯಲ್ಲಿ ಎಲ್ಲಿ ಕೂತರೂ ತನ್ನದೇ ಮಾತು ತನಗೆ ಕೇಳಿಸತೊಡಗಿತು.

ನ್ಯಾಯಾಲಯದ ಸಮಾಲೋಚಕಿ ನರ್ಮದಾಬಾಯಿ ಶರ್ವರಿಯನ್ನು ಆಟಿಕೆಗಳ ಕೋಣೆಯಲ್ಲಿ ಕೂರಿಸಿಕೊಂಡು ಮರಾಠಿಯಲ್ಲಿ ಮಾತಾಡಿಸಿದಳು. ಊಟ ಯಾರು ಮಾಡಿಸುತ್ತಾರೆ? ಆಯಿ. ಜಡೆ ಯಾರು ಹಾಕುತ್ತಾರೆ? ಆಯಿ. ಯಾರ ಹತ್ತಿರ ಮಲಗುತ್ತೀ? ಆಯಿ. ಮರಾಠಿಯಲ್ಲಿ ಆಯಿ ಅಂದರೆ ತಾಯಿ. ಮಗು ಅಜ್ಜಿಯನ್ನೇ ತಾಯಿಯೆಂದು ತಿಳಿದಿದೆ ಎಂದು ನರ್ಮದಾಬಾಯಿ ವರದಿಯಲ್ಲಿ ಬರೆದಳು. ಋಷಿಕೇಶನಿಗೆ ಹಿಗ್ಗು.

“ಸಾಹೇಬ್ರ, ನಮ್ಮ ಕಡೆ ಅಜ್ಜಿಗೇ ಆಯಿ ಅಂತಾರ. ಅದಕ್ಕ ಹಂಗ ಅಂದೈತಿ ಕೂಸು,” ಎಂದು ಬಸವಣ್ಣೆವ್ವ ತನ್ನ ಮರಾಠಿಯಲ್ಲಿ ತಿಳಿಸಿ ಹೇಳಲು ನೋಡಿದಳು.

“ಅದನ್ನು ನಿಮ್ಮನ್ನು ಯಾರೂ ಕೇಳಿಲ್ಲವಲ್ಲ ಮಾವಶಿ,” ಎಂದು ಋಷಿಕೇಶ ನಕ್ಕ.

ಸಾಕ್ಷಿಯ ಹೇಳಿಕೆಯನ್ನು ಅವನೇ ಮರಾಠಿಯಲ್ಲಿ ಬರೆಸಿ ಓದಿ ಹೇಳಿದ. ನಾಲ್ಕು ದಿನ ಚಾಕಣದಲ್ಲಿ ಔಷಧವಿಲ್ಲದೆ ಇಟ್ಟಿದ್ದ ಎಂಬುದರ ಜೊತೆಗೆ, ಕುಡಿದು ಬಂದು ಹೆಂಡತಿಯ ಮೇಲೆ ಕೈ ಮಾಡುತ್ತಿದ್ದ ಎಂಬ ಒಂದು ಸಾಲು ಹೊಸದಾಗಿ ಸೇರಿತ್ತು.

“ಕೈ ಮಾಡತಿದ್ದಿಲ್ಲರಿ ಅಂವ. ಕುಡಿಯಂಗಿಲ್ಲ,” ಎಂದಳು ಬಸವಣ್ಣೆವ್ವ.

“ನಿನಗೇನ ಗೊತ್ತು ಸುಮ್ಮನಿರ,” ಎಂದ ನಿಜಲಿಂಗಪ್ಪ. “ಸಾಯಾಕ ಬಿಟ್ಟಾಂವ ಬಡಿಯಂಗಿಲ್ಲೇನ?”

ಅವನ ದನಿಯಲ್ಲಿ ಕಪಟವಿರಲಿಲ್ಲ. ಅವನು ನಿಜವಾಗಿಯೂ ನಂಬಿದ್ದ. ನಂಬಿಸಿದವಳು ತಾನೇ. ಬಸವಣ್ಣೆವ್ವ ಪೆನ್ನು ತೆಗೆದುಕೊಂಡು ಪ್ರತಿ ಪುಟದ ಕೆಳಗೆ ಕನ್ನಡದಲ್ಲಿ ಸಹಿ ಮಾಡಿದಳು. ಒಂಬತ್ತು ಪುಟ, ಒಂಬತ್ತು ಸಹಿ.

ಪಾಟೀಸವಾಲಿಗೆ ತಾರೀಖು ಬರಲು ಎಂಟು ತಿಂಗಳು ಹಿಡಿಯಿತು. ಆ ತಿಂಗಳುಗಳಲ್ಲಿ ಆಕೆ ಎಷ್ಟೋ ಸಲ ಗಂಡನಿಗೆ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಅವನು ದೇವರ ಕೋಣೆಯಲ್ಲಿ ಲಿಂಗಪೂಜೆ ಮುಗಿಸಿ ಮಗಳ ಫೋಟೋದ ಮುಂದೆ ಎರಡು ನಿಮಿಷ ನಿಲ್ಲುತ್ತಿದ್ದ. ಅದನ್ನು ನೋಡಿ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಹೇಳಿದರೆ ಗಂಡ ಹೋದ, ಕೂಸೂ ಹೋಯಿತು. ಹೇಳದಿದ್ದರೆ ತಪ್ಪು ಮಾಡದವನ ತಲೆಯ ಮೇಲೆ ಹೆಂಡತಿಯ ಸಾವನ್ನು ಹೊರಿಸಿ, ಅವನ ಮಗಳನ್ನು ಇಟ್ಟುಕೊಂಡಂತೆ. ಯಾವ ಕಡೆ ತಿರುಗಿದರೂ ಗೋಡೆ. ತವರಿಗೆ ಹೋಗಿ ನಾಲ್ಕು ದಿನ ಇದ್ದು ಬರೋಣವೆಂದರೆ, ಸಾಕ್ಷಿ ಊರು ಬಿಡಬಾರದೆಂದು ಗಂಡನ ಹಟ.

ತೀರ್ಪು ಆಗುವವರೆಗೆ ತಂದೆ ಮಗಳು ತಿಂಗಳಿಗೆರಡು ಸಲ ನ್ಯಾಯಾಲಯದ ಮಕ್ಕಳ ಕೋಣೆಯಲ್ಲಿ ಭೇಟಿಯಾಗಬೇಕೆಂದು ಆದೇಶವಾಗಿತ್ತು. ನವೆಂಬರಿನ ಒಂದು ಶನಿವಾರ ಬಸವಣ್ಣೆವ್ವ ಮಗುವನ್ನು ಕರೆದುಕೊಂಡು ಹೋದಳು. ಚನ್ನವೀರ ಬಣ್ಣದ ಪೆನ್ಸಿಲಿನ ಡಬ್ಬಿ ತಂದಿದ್ದ. ಶರ್ವರಿ ಅದನ್ನು ಮುಟ್ಟಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತು, ದೊಡ್ಡವರ ಹಾಗೆ ಕೇಳಿತು.

“ನೀ ನಮ್ಮ ಮಮ್ಮಿನ್ನ ದವಾಖಾನಿಗೆ ಒಯ್ಯಲಿಲ್ಲಂತ. ಅದಕ್ಕ ಸತ್ತಳಂತ. ಅಜ್ಜ ಹೇಳ್ಯಾನ.”

ಬಾಗಿಲ ಹತ್ತಿರದ ಬೆಂಚಿನ ಮೇಲಿದ್ದ ಬಸವಣ್ಣೆವ್ವ ತಲೆ ಎತ್ತಿದಳು. ಈಗ ಹೇಳುತ್ತಾನೆ. ಮಗಳ ಮುಂದೆ ಇಂಥ ಮಾತು ಯಾವ ತಂದೆ ಹೊತ್ತುಕೊಂಡಾನು? ಚನ್ನವೀರ ಮಗಳ ಎದುರು ಮೊಣಕಾಲೂರಿ ಕೂತಿದ್ದ. ತಲೆ ಎತ್ತಿ ಅತ್ತೆಯ ಕಡೆ ನೋಡಲೂ ಇಲ್ಲ.

“ಒಯ್ಯೂದು ತಡಾ ಆತವ್ವ,” ಎಂದ. “ಭಾಳ ತಡಾ ಆತು.”

ಶರ್ವರಿ ಹಿಂದಕ್ಕೆ ಸರಿದು ಬಂದು ಆಯಿಯ ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು. ಆ ದಿನ ಹಡಪಸರದ ಬಸ್ಸಿನಲ್ಲಿ ನಿಂತು ಬರುವಾಗ ಬಸವಣ್ಣೆವ್ವನಿಗೆ ಒಂದು ವಿಷಯ ಮನದಟ್ಟಾಯಿತು. ಸುಳ್ಳು ಇನ್ನು ತನ್ನ ಮತ್ತು ಚನ್ನವೀರನ ನಡುವೆ ಮಾತ್ರ ಉಳಿದಿಲ್ಲ. ಅದನ್ನು ಈಗ ಈ ಕೂಸೂ ಉಣ್ಣುತ್ತಿದೆ.

ಪಾಟೀಸವಾಲು ನಡೆದದ್ದು ಡಿಸೆಂಬರಿನಲ್ಲಿ. ನ್ಯಾಯಾಧೀಶರು ಐವತ್ತರ ಆಸುಪಾಸಿನ ಹೆಂಗಸು. ಚನ್ನವೀರನ ಕಡೆಯ ವಕೀಲೆ ಸಾವಕಾಶವಾಗಿ ಕೇಳಿದಳು. ನಿಮ್ಮ ವಯಸ್ಸೆಷ್ಟು? ಅರವತ್ತೊಂದು. ಮೊಣಕಾಲು ನೋವಿದೆಯೇ? ಇದೆ. ಎಷ್ಟನೆಯ ಇಯತ್ತೆ ಓದಿದ್ದೀರಿ? ನಾಲ್ಕು. ಮಗುವಿನ ಶಾಲೆಯ ಪುಸ್ತಕ ಓದಿ ಹೇಳಬಲ್ಲಿರಾ? ಇಲ್ಲ. ಅಪ್ಪ ಬಂದಾಗ ಮನೆಯೊಳಗೆ ಕರೆಯುತ್ತಿದ್ದಿರಾ? ಇಲ್ಲ. ಪ್ರತಿ ಪ್ರಶ್ನೆಗೂ ಬಸವಣ್ಣೆವ್ವ ಮುಂದಿನದು ಜ್ವರದ್ದೇ ಎಂದು ಕಾದಳು. ಕುಡಿತ, ಹೊಡೆತ ಸುಳ್ಳೆಂದು ವಕೀಲೆ ಒಂದು ಮಾತು ಅಂದಳು, ಅಷ್ಟೇ. ಆಮೇಲೆ ಕಡತ ಮುಚ್ಚಿ, “ಮುಗಿಯಿತು,” ಎಂದಳು.

ಬಸವಣ್ಣೆವ್ವ ಚನ್ನವೀರನನ್ನು ನೋಡಿದಳು. ಅವನು ಗೋಡೆಯ ಕಡೆ ನೋಡುತ್ತ ಕೂತಿದ್ದ. ಕೇಳಬೇಡಿ ಎಂದು ಅವನೇ ವಕೀಲೆಗೆ ಹೇಳಿದ್ದಾನೆ ಎಂದು ಆಕೆಗೆ ಅರ್ಥವಾಯಿತು. ಋಷಿಕೇಶನ ಮುಖದಲ್ಲಿ ಸಮಾಧಾನ. ಗಂಡ ಸಾಲಿನ ಕೊನೆಯ ಕುರ್ಚಿಯಲ್ಲಿ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

“ಇಳಿಯಿರಿ ಆಜಿ,” ಎಂದರು ನ್ಯಾಯಾಧೀಶರು.

ಆಕೆ ಇಳಿಯಲಿಲ್ಲ. ಕಟಕಟೆಯ ಕಟ್ಟಿಗೆ ಹಿಡಿದುಕೊಂಡು ನಿಂತಳು.

“ಮ್ಯಾಡಮ್, ಜ್ವರದ ಮಾತು ಯಾರೂ ಕೇಳಲಿಲ್ಲ.”

ಋಷಿಕೇಶ ತಟ್ಟನೆ ಎದ್ದ. ಸಾಕ್ಷಿಗೆ ವಯಸ್ಸಾಗಿದೆ, ದಣಿದಿದ್ದಾರೆ ಎಂದೇನೋ ಹೇಳತೊಡಗಿದ. ನ್ಯಾಯಾಧೀಶರು ಕೈಯೆತ್ತಿ ಅವನನ್ನು ನಿಲ್ಲಿಸಿ, “ಹೇಳಿ,” ಎಂದರು.

ಮರಾಠಿಯಲ್ಲಿ ಶುರುಮಾಡಿದ್ದು ಎರಡನೆಯ ಮಾತಿಗೆ ಕನ್ನಡಕ್ಕೆ ಹೊರಳಿತು. ಯಾರಾದರೂ ತಿಳಿಸಿ ಹೇಳಿ ಎಂದು ನ್ಯಾಯಾಧೀಶರು ಅಂದಾಗ, ಬೇರೊಂದು ಪ್ರಕರಣಕ್ಕೆ ಬಂದಿದ್ದ ಸೋಲಾಪುರದ ವಕೀಲನೊಬ್ಬ ಎದ್ದು ಒಂದೊಂದೇ ಮಾತನ್ನು ಮರಾಠಿಗೆ ತಂದು ಹೇಳತೊಡಗಿದ.

“ನೀತಾಗ ಚಾಕಣದಾಗ ಜ್ವರ ಇದ್ದಿಲ್ಲರಿ. ನಮ್ಮ ಮನ್ಯಾಗ ಬಂದೂವು. ನಾಕು ದಿನಾ ನನ್ನ ಮುಂದ ಇದ್ದಳು. ಅಳಿಯಾರು ದಿನಾ ಫೋನ್ ಮಾಡತಿದ್ರು, ಒಯ್ಯರಿ ಒಯ್ಯರಿ ಅಂತ. ನಾ ಒಯ್ಯಲಿಲ್ಲ. ಜ್ವರ ಇಳದಾವ ಅಂತ ಅವರಿಗೂ ಸುಳ್ಳ ಹೇಳಿದೆ. ಕೂಸಿನ್ನ ಅಗಲಸ್ತಾರಂತ ಹೆದರಿದೆ. ಅವರು ಕುಡಿಯಂಗಿಲ್ಲ. ಬಡದಿಲ್ಲ. ಕಾಗದದಾಗ ಬರದದ್ದು ಸುಳ್ಳೈತಿ. ಸಹಿ ನನ್ನವ ಅದಾವ, ಮಾತು ಸುಳ್ಳೈತಿ.”

ಟೈಪು ಮಾಡುವವನ ಬೆರಳು ಕೊನೆಯ ಮಾತಿಗೆ ಬಂದು ನಿಂತಿತು.

“ಸುಳ್ಳು ಹೇಳಿಕೆಗೆ ಶಿಕ್ಷೆಯಿದೆ, ಗೊತ್ತೇ ಆಜಿ?” ಎಂದು ನ್ಯಾಯಾಧೀಶರು ಕೇಳಿದರು.

“ಗೊತ್ತಿಲ್ಲರಿ. ಇದ್ದರ ಇರಲಿ.”

ನ್ಯಾಯಾಧೀಶರು ಎಚ್ಚರಿಕೆ ಕೊಟ್ಟು, ಹೇಳಿದ್ದನ್ನೆಲ್ಲ ಬರೆಸಿಕೊಂಡು ಇಳಿಸಿದರು. ಆಕೆ ತಿರುಗಿ ನೋಡಿದಾಗ ಕೊನೆಯ ಕುರ್ಚಿ ಖಾಲಿಯಾಗಿತ್ತು. ನಿಜಲಿಂಗಪ್ಪನ ಟೋಪಿ ನೆಲದ ಮೇಲೆ ಬಿದ್ದಿತ್ತು.

ಹೊರಗಿನ ಪಡಸಾಲೆಯಲ್ಲಿ ಟೋಪಿ ಹಿಡಿದುಕೊಂಡು, ಎತ್ತ ಹೋಗಬೇಕೆಂದು ತಿಳಿಯದೆ ನಿಂತಿದ್ದಳು. ಚನ್ನವೀರ ಬಂದು ಒಂದು ಮಾರು ದೂರದಲ್ಲಿ ನಿಂತ.

“ಅದನ್ನ ಕೇಳಬ್ಯಾಡ್ರಿ ಅಂತ ನಮ್ಮ ವಕೀಲರಿಗೆ ಹೇಳಿದ್ದೆ ಅತ್ತಿ.”

“ಯಾಕ ಹೇಳಿದ್ರಿ? ನಾಕು ವರ್ಷಾತು, ಯಾಕ ಸುಮ್ಮನಿದ್ರಿ? ನಿಮಗ ಏನೇನ ಅಂದ್ರು ಅವರು!”

“ಎರಡನೇ ದಿನಾನ ಜ್ವರ ಇಳದಿಲ್ಲಂತ ನನಗ ಗೊತ್ತಾಗಿತ್ತು,” ಎಂದ ಚನ್ನವೀರ. “ನೀತಾ ತಾನ ಫೋನ್ ತಗೊಂಡು ಹೇಳಿದ್ಲು. ಕೊರೊನಾ ಅಂತ ಫ್ಯಾಕ್ಟರಿಯೊಳಗ ನಮ್ಮನ್ನ ಅಲ್ಲೇ ಇಟ್ಟಿದ್ರು. ಹೊರಗ ಹೋದ್ರ ಒಳಗ ಬಿಟ್ಟುಕೊಳ್ಳಂಗಿಲ್ಲ ಅಂದ್ರು. ಆ ತಿಂಗಳ ನನ್ನ ಕೆಲಸ ಕಾಯಂ ಆಗೂದಿತ್ತು. ಗೇಟ್ ತನಕಾ ಬಂದು ತಿರುಗಿ ಹೋದೆ. ಫೋನ್ ಮಾಡಕೋತ ಕುಂತೆ. ನಿಮ್ಮನ್ನ ಏನಂತ ಅನ್ನಲಿ?”

ಬಸವಣ್ಣೆವ್ವ ಅವನ ಮುಖವನ್ನು ಅಷ್ಟು ವರ್ಷಗಳಲ್ಲಿ ಮೊದಲ ಸಲ ಸರಿಯಾಗಿ ನೋಡಿದಳು. ಕಿವಿಯ ಮೇಲೆ ಕೂದಲು ಬೆಳ್ಳಗಾಗಿದ್ದವು. ಅತ್ತರೆ ಹಗುರಾದೀತೇನೋ ಅನ್ನಿಸಿತು. ಅಳು ಬರಲಿಲ್ಲ.

ಮನೆಗೆ ಬಂದಾಗ ನಿಜಲಿಂಗಪ್ಪ ಗಿರಣಿಯ ಕೋಣೆಯಲ್ಲಿ, ಗೋಣಿಚೀಲ ಹೊದಿಸಿದ ಯಂತ್ರಕ್ಕೆ ಒರಗಿ ಕೂತಿದ್ದ. ಪಕ್ಕದ ಮನೆಯಿಂದ ಶರ್ವರಿಯನ್ನು ಇನ್ನೂ ಕರೆತಂದಿರಲಿಲ್ಲ. ಆಕೆ ಟೋಪಿಯನ್ನು ಅವನ ಹತ್ತಿರ ಇಟ್ಟಳು. ಬಯ್ಯುತ್ತಾನೆ, ಹೊಡೆದರೂ ಹೊಡೆದಾನು ಎಂದು ನಿಂತಳು. ಅವನು ಎರಡೇ ಮಾತು ಕೇಳಿದ.

“ಆ ನಾಕು ದಿನದಾಗ ನನ್ನ ಕೇಳಿದ್ಲೇನ?”

“ಕೇಳಿದ್ಲರಿ. ಮೂರನೇ ದಿನಾ.”

“ಏನಂದ್ಲು?”

“ಅಪ್ಪಾ ಇದ್ದಿದ್ರ ದವಾಖಾನಿಗೆ ಒಯ್ತಿದ್ದ ಅಂದ್ಲು.”

ನಿಜಲಿಂಗಪ್ಪ ಎದ್ದು ಒಳಗೆ ಹೋದ. ಅಂದಿನಿಂದ ಅವನು ಹೆಂಡತಿಯ ಕೂಡ ಮಾತು ಬಿಟ್ಟ. ಉಣ್ಣಲು ಹಾಕಿದರೆ ಉಣ್ಣುತ್ತಿದ್ದ. ಬೇಕಾದ್ದನ್ನು ತಾನೇ ಎದ್ದು ತೆಗೆದುಕೊಳ್ಳುತ್ತಿದ್ದ.

ಫೆಬ್ರುವರಿಯಲ್ಲಿ ತೀರ್ಪು ಬಂತು. ಮಗು ತಂದೆಗೆ. ಶಾಲೆಯ ವರ್ಷ ಮುಗಿಯುವವರೆಗೆ ಹಡಪಸರದಲ್ಲಿ, ವಾರದ ಕೊನೆಗೆ ತಳೇಗಾಂವದಲ್ಲಿ. ಮೇ ತಿಂಗಳಿನಿಂದ ಪೂರ್ತಿ ತಂದೆಯ ಮನೆಯಲ್ಲಿ. ಅಜ್ಜ ಅಜ್ಜಿಗೆ ತಿಂಗಳ ಮೊದಲ ಮತ್ತು ಮೂರನೆಯ ಶನಿವಾರ ಭಾನುವಾರ, ದೀಪಾವಳಿ ರಜೆಯ ಅರ್ಧ. ಸಾಕಿದ ಅಜ್ಜಿಯ ಪ್ರೀತಿಯನ್ನು ನ್ಯಾಯಾಲಯ ಅಲ್ಲಗಳೆಯುವುದಿಲ್ಲ ಎಂಬ ಒಂದು ಸಾಲೂ ಅದರಲ್ಲಿತ್ತು. ತಾನು ಬಾಯಿ ಮುಚ್ಚಿದ್ದರೆ ಕೂಸು ಉಳಿಯುತ್ತಿತ್ತೇ ಎಂದು ಬಸವಣ್ಣೆವ್ವ ಕೇಳಿದಳು. “ಉಳಿಯುತ್ತಿತ್ತು ಅನ್ನಲಾರೆ ಮಾವಶಿ, ಉಳಿಯುತ್ತಿರಲಿಲ್ಲ ಅಂತಲೂ ಅನ್ನಲಾರೆ,” ಎಂದ ಋಷಿಕೇಶ. ಆ ಉತ್ತರ ಆಕೆಯ ಒಳಗೆ ಮುಳ್ಳಾಗಿ ಉಳಿಯಿತು.

ಮೇ ತಿಂಗಳ ಮೊದಲ ವಾರ ಚನ್ನವೀರ ನೀಲಿಮಾ ಇಬ್ಬರೂ ಬಂದರು. ನೀಲಿಮಾ ಹಿಂಜರಿಯುತ್ತ ಅಡಿಗೆಮನೆಗೆ ಬಂದು, ಶರ್ವರಿಗೆ ಏನು ಸೇರುತ್ತದೆ, ಏನು ಆಗಿಬರುವುದಿಲ್ಲ ಎಂದು ಕೇಳಿದಳು. ಬಸವಣ್ಣೆವ್ವ ಹೇಳುತ್ತ ಹೋದಳು, ನೀಲಿಮಾ ಫೋನಿನಲ್ಲಿ ಬರೆದುಕೊಳ್ಳುತ್ತ ಹೋದಳು. ಬದನೆಕಾಯಿ ಉಂಡರೆ ತುಟಿ ತುರಿಸುತ್ತದೆ. ತಲೆಗೆ ಎಣ್ಣೆ ಬಿಸಿಮಾಡಿ ಹಚ್ಚಬೇಕು. ಗುಡುಗಿದರೆ ಹೆದರುತ್ತಾಳೆ, ಆಗ ಕಿವಿಯ ಮೇಲೆ ಕೈ ಇಡಬೇಕು. ಹೇಳಿದ ಒಂದೊಂದು ಸಂಗತಿಯೂ ಕೈಬಿಟ್ಟು ಹೋದಂತೆ ಆಗುತ್ತಿತ್ತು. ಆದರೂ ಒಂದನ್ನೂ ಮುಚ್ಚಿಡಲಿಲ್ಲ.

ಶರ್ವರಿ ಅಜ್ಜನ ಕೊರಳಿಗೆ ಬಿದ್ದು ಅತ್ತಿತು. ಆಯಿಯ ಹತ್ತಿರ ಬರಲಿಲ್ಲ.

ಜೂನಿನಲ್ಲಿ ಬಸವಣ್ಣೆವ್ವ ಗೋಣಿಚೀಲ ತೆಗೆದು ಗಿರಣಿ ಮತ್ತೆ ಶುರುಮಾಡಿದಳು. ನಿಜಲಿಂಗಪ್ಪ ಬೇಡವೆನ್ನಲಿಲ್ಲ, ಬೇಕೂ ಅನ್ನಲಿಲ್ಲ. ಮೊದಲ ಶನಿವಾರ, ಮೂರನೆಯ ಶನಿವಾರ ತಳೇಗಾಂವಕ್ಕೆ ಹೋಗಿ ಮೊಮ್ಮಗಳನ್ನು ಕರೆತರುವುದು ಅವನ ಕೆಲಸವಾಯಿತು. ಆ ಎರಡು ದಿನ ಮಾತ್ರ ಮನೆಯಲ್ಲಿ ಗಂಡ ಹೆಂಡತಿಯ ನಡುವೆ ಮಾತು ನಡೆಯುತ್ತಿತ್ತು, ಅದೂ ಮಗುವಿನ ಮೂಲಕ. “ಆಯಿಗೆ ಕೇಳು, ಔಷಧದ ಚೀಟಿ ಎಲ್ಲೈತಿ.” “ಅಜ್ಜಗ ಹೇಳು, ಗೂಡಿನ್ಯಾಗೈತಿ.” ಶರ್ವರಿ ಮೊದಮೊದಲು ಅದನ್ನು ಆಟವೆಂದುಕೊಂಡು ಓಡಾಡುತ್ತಿತ್ತು. ಆಮೇಲೆ ಓಡಾಡುವುದನ್ನು ಬಿಟ್ಟು, ಕೂತಲ್ಲಿಂದಲೇ ಇಬ್ಬರ ಮುಖ ನೋಡತೊಡಗಿತು.

ಆಗಸ್ಟಿನಲ್ಲಿ ನಿಜಲಿಂಗಪ್ಪನ ಕಾಲು ಬಾತು ನಡೆಯಲಾಗದೆ, ಬಸವಣ್ಣೆವ್ವ ಮೊದಲ ಸಲ ತಾನೇ ತಳೇಗಾಂವಕ್ಕೆ ಹೋದಳು. ಚನ್ನವೀರ ಮಗಳನ್ನು ಸ್ಟೇಷನ್ನಿಗೆ ತಂದು ಬಿಟ್ಟ. ಅವನನ್ನು ನೋಡಿದರೆ ಶರ್ವರಿ ಈಗ ಹಿಂದಕ್ಕೆ ಸರಿಯುತ್ತಿರಲಿಲ್ಲ; ಹೋಗುವಾಗ ಅವನ ಅಂಗಿಯ ಜೇಬಿನಿಂದ ಪೆನ್ನು ಕಸಿದುಕೊಂಡು ನಕ್ಕಿತು. ಪುಣೆ ಲೋಕಲ್ ಬರಲು ಇನ್ನೂ ಹತ್ತು ನಿಮಿಷವಿತ್ತು. ಅಜ್ಜಿ ಮೊಮ್ಮಗಳು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತರು.

“ಆಯಿ, ಕೋರ್ಟಿನ್ಯಾಗ ನೀ ನನ್ನ ಬ್ಯಾಡ ಅಂದ್ಯೇನು?”

“ಯಾರ ಅಂದ್ರವ್ವ ಹಂಗ?”

“ಯಾರೂ ಅನ್ನಲಿಲ್ಲ. ನೀ ಏನೋ ಹೇಳಿದಿ, ಅದಕ್ಕ ನನ್ನ ಇಲ್ಲಿ ಕಳಿಸಿದ್ರು. ಪಪ್ಪಾನ ಕೇಳಿದ್ರ ಆಯಿನ್ನ ಕೇಳು ಅಂತಾನ.”

ಬಸವಣ್ಣೆವ್ವ ಹಳಿಯ ಕಡೆ ನೋಡಿದಳು. ನ್ಯಾಯಾಧೀಶರ ಮುಂದೆ ಹೇಳಿದ್ದಳು, ಗಂಡನ ಮುಂದೆ ಹೇಳಿದ್ದಳು. ಆರು ವರ್ಷದ ಈ ಎರಡು ಕಣ್ಣುಗಳ ಮುಂದೆ ಅರ್ಧ ಮಾತನ್ನಷ್ಟೇ ಹೇಳಿದಳು.

“ಬ್ಯಾಡ ಅನ್ನಲಿಲ್ಲವ್ವ. ನಿಮ್ಮ ಪಪ್ಪಾ ಏನೂ ತಪ್ಪ ಮಾಡಿಲ್ಲಂತ ಹೇಳಿದೆ. ಅಜ್ಜ ನಿನಗ ಹೇಳಿದ್ದು ಸುಳ್ಳು.”

“ಮತ್ತ ತಪ್ಪ ಯಾರ ಮಾಡಿದ್ರು?”

“ಅದನ್ನ ನೀ ದೊಡ್ಡಾಕಿ ಆದ ಮ್ಯಾಲ ಹೇಳತೇನಿ. ನಾನ ಹೇಳತೇನಿ. ಮತ್ತ ಯಾರನ್ನೂ ಕೇಳಬ್ಯಾಡ.”

“ಎಷ್ಟು ದೊಡ್ಡಾಕಿ?”

ಆಕೆ ಲೆಕ್ಕ ಹಾಕಿದಳು. ಅಷ್ಟು ವರ್ಷ ತಾನು ಇರಬೇಕು, ಇದ್ದರೂ ಬಾಯಿ ಬರಬೇಕು. “ಹನ್ನೆರಡು ವರ್ಷದಾಕಿ ಆದ ಮ್ಯಾಲ.”

ಶರ್ವರಿ ಪೆನ್ನನ್ನು ಮಡಿಲಲ್ಲಿಟ್ಟುಕೊಂಡು ಬೆರಳು ಮಡಚಿ ಎಣಿಸಿತು. ಒಂದು ಕೈ ಮುಗಿದು ಇನ್ನೊಂದು ಕೈಯ ಹೆಬ್ಬೆರಳಿಗೆ ಬಂತು.

“ಇನ್ನ ಆರು ವರ್ಷ,” ಎಂದಿತು. “ಹೇಳಬೇಕ ನೋ‍ಡ ಮತ್ತ.”

“ಹೇಳತೇನಿ.”

ಗಾಡಿ ಬಂತು. ಶರ್ವರಿ ಮೊದಲು ಹತ್ತಿ ಕಿಟಕಿಯ ಪಕ್ಕದಲ್ಲಿ ಕೂತು, ಆಯಿಗೆ ಅಷ್ಟು ಜಾಗ ಬಿಟ್ಟಿತು.